ಹೊಟ್ಟೆಯ ಆಪರೇಷನ್ ಆದ ಮೇಲೆ ಮನೆಯಲ್ಲಿ ಏನು ನೋಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸರ್ಜಿಕಲ್ ವಾರ್ಡ್‌ನಲ್ಲಿ ನರ್ಸ್. ಕರುಳು, ಜಠರ, ಪಿತ್ತಕೋಶ, ಅಪೆಂಡಿಕ್ಸ್ ಆಪರೇಷನ್ ಆದವರನ್ನು ಮನೆಗೆ ಕಳಿಸುವ ದಿನ ಮನೆಯವರು ಕೇಳುವ ಪ್ರಶ್ನೆಗಳು ಇವು. ಬಿಲ್ ಕಟ್ಟಿ, ಮಾತ್ರೆ ತಂದು, ಆಟೋ ಹುಡುಕುವ ಗಡಿಬಿಡಿಯಲ್ಲಿ ನಾವು ಹೇಳಿದ್ದರಲ್ಲಿ ಅರ್ಧ ತಲೆಗೆ ಹೋಗುವುದಿಲ್ಲ. ಅದಕ್ಕೇ ಬರೆದಿಟ್ಟಿದ್ದೇನೆ. ನಿಮ್ಮ ಡಾಕ್ಟರ್ ಬೇರೆ ಏನಾದರೂ ಹೇಳಿದ್ದರೆ ಅವರು ಹೇಳಿದಂತೆಯೇ ಮಾಡಿ. ಹೊಟ್ಟೆ ತೆರೆದು ನೋಡಿದವರು ಅವರು.

ಮನೆಗೆ ಬಂದ ಮೇಲೆ ಎಷ್ಟು ದಿನ ಹುಷಾರಾಗಿ ನೋಡಿಕೊಳ್ಳಬೇಕು?

ಮೊದಲ ಎರಡು ವಾರ ತುಂಬಾ ಮುಖ್ಯ. ಗಾಯದ ಸೋಂಕು ಒಂದು ತಿಂಗಳವರೆಗೂ ಬರಬಹುದು. ಕೆಲವು ತೊಂದರೆ ವರ್ಷಗಳು ಕಳೆದ ಮೇಲೂ ಬರುತ್ತವೆ, ಅದನ್ನು ಕೆಳಗೆ ಹೇಳಿದ್ದೇನೆ.

ನಾನು ಎಲ್ಲರಿಗೂ ಒಂದು ನೋಟ್‌ಬುಕ್ ಇಡಲು ಹೇಳುತ್ತೇನೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬರೆಯಿರಿ. ಜ್ವರ ಎಷ್ಟು, ನಾಡಿ ಎಷ್ಟು, ಏನು ತಿಂದರು, ಗ್ಯಾಸ್ ಹೋಯಿತಾ, ಮಲ ಹೋಯಿತಾ, ಮೂತ್ರಕ್ಕೆ ಎಷ್ಟು ಸಲ ಹೋದರು. ನಾಡಿ ನೋಡುವುದು ಕಷ್ಟವಲ್ಲ. ಮುಂಗೈಯಲ್ಲಿ ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು 30 ಸೆಕೆಂಡ್ ಎಣಿಸಿ, ಅದನ್ನು ಎರಡರಿಂದ ಗುಣಿಸಿ.

ಬರೆದಾದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ನಿನ್ನೆಗಿಂತ ಇವತ್ತು ಹೇಗಿದ್ದಾರೆ? ಹೊಟ್ಟೆ ಆಪರೇಷನ್ ಆದವರು ದಿನಕ್ಕಿಷ್ಟು ಅಂತ ಚೂರು ಚೂರೇ ಸುಧಾರಿಸಬೇಕು. ಎರಡು ದಿನ ಅಂಗಳದಲ್ಲಿ ಓಡಾಡಿದವರು ಮೂರನೇ ದಿನ ಏಳದೆ ಮಲಗಿದರೆ, ಗಂಜಿ ಕುಡಿಯುತ್ತಿದ್ದವರು ಲೋಟ ದೂರ ಸರಿಸಿದರೆ, ಒಳಗೆ ಏನೋ ಆಗಿದೆ. ಅದು ಏನೆಂದು ನೀವು ಕಂಡುಹಿಡಿಯಬೇಕಾಗಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದರೆ ಸಾಕು.

"ಒಳಗಿನ ಹೊಲಿಗೆ ಸೋರಬಹುದು" ಎಂದು ಡಾಕ್ಟರ್ ಹೇಳಿದರು. ಹಾಗೆಂದರೆ ಏನು?

ಕರುಳಿನ ಕೆಟ್ಟ ಭಾಗ ತೆಗೆದು ಉಳಿದ ಎರಡು ತುದಿಗಳನ್ನು ಜೋಡಿಸುತ್ತಾರೆ. ಆ ಜೋಡಣೆ ಪೂರ್ತಿ ಕೂಡಿಕೊಳ್ಳುವ ಮೊದಲೇ ಎಲ್ಲಾದರೂ ಬಿಟ್ಟರೆ ಕರುಳಿನೊಳಗಿನ ಮಲ, ರಸ ಹೊಟ್ಟೆಯೊಳಕ್ಕೆ ಸೋರುತ್ತದೆ. ಈ ಆಪರೇಷನ್‌ಗಳಲ್ಲಿ ನಾವು ಎಲ್ಲಕ್ಕಿಂತ ಜಾಸ್ತಿ ಹೆದರುವುದು ಇದಕ್ಕೇ. ಹೆಚ್ಚಾಗಿ ಐದರಿಂದ ಏಳನೇ ದಿನದ ಸುಮಾರಿಗೆ ಕಾಣಿಸುತ್ತದೆ. ಎರಡು ಮೂರು ವಾರದ ನಂತರ ಕಾಣಿಸಿದ್ದೂ ಉಂಟು. ಈಗ ಬೇಗ ಡಿಸ್ಚಾರ್ಜ್ ಮಾಡುವುದರಿಂದ ಕೆಲವರಿಗೆ ಇದು ಮನೆಯಲ್ಲೇ ಶುರುವಾಗುತ್ತದೆ.

ಗುದದ್ವಾರಕ್ಕೆ ಹತ್ತಿರದ ಜೋಡಣೆಯಲ್ಲಿ ಅಪಾಯ ಜಾಸ್ತಿ. ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಕಾಯಿಲೆಯಿಂದ ಸೊರಗಿ ಮೈಯಲ್ಲಿ ಪ್ರೋಟೀನ್ ಕಮ್ಮಿಯಾದವರು, ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಇವರ ವಿಷಯದಲ್ಲೂ ಹುಷಾರಾಗಿರಬೇಕು. ಹಾಗಂತ ಯಾವ ತಪ್ಪೂ ಮಾಡದವರಿಗೂ, ಒಳ್ಳೆಯ ಸರ್ಜನ್ ಕೈಯಲ್ಲೂ ಇದು ಆಗಬಹುದು. "ನಾನು ಆ ದಿನ ಇಡ್ಲಿ ಕೊಡಬಾರದಿತ್ತು" ಎಂದು ಅಳುವ ಮನೆಯವರನ್ನು ನೋಡಿದ್ದೇನೆ. ಡಾಕ್ಟರ್ ತಿನ್ನಬಹುದು ಎಂದ ಮೇಲೆ ಕೊಟ್ಟ ಇಡ್ಲಿಯಿಂದ ಜೋಡಣೆ ಬಿಡುವುದಿಲ್ಲ, ಅಮ್ಮ.

ಹೊಟ್ಟೆ ಉಬ್ಬಿದರೆ ಅದು ಬರೀ ಗ್ಯಾಸ್ಸಾ, ಸೋರಿಕೆನಾ? ಹೇಗೆ ಗೊತ್ತಾಗುತ್ತದೆ?

ಮನೆಯಲ್ಲಿ ಖಚಿತವಾಗಿ ಗೊತ್ತಾಗುವುದಿಲ್ಲ. ಆಸ್ಪತ್ರೆಯಲ್ಲೂ ರಕ್ತ ಪರೀಕ್ಷೆ, ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ. ಆದರೆ ಅನುಮಾನ ಪಡುವುದು ನಿಮ್ಮ ಕೈಯಲ್ಲಿದೆ. ಸುಮ್ನೆ ಮಲಗಿದ್ದಾಗಲೂ ನಾಡಿ 100 ದಾಟಿದೆಯಾ? ಎಷ್ಟೋ ಸಲ ಜ್ವರಕ್ಕಿಂತ ಮೊದಲು ಇದೇ ಕಾಣುವುದು. ಜ್ವರ 100.4 ಡಿಗ್ರಿ ದಾಟಿತಾ? ಕಮ್ಮಿಯಾಗುತ್ತಿದ್ದ ನೋವು ಮತ್ತೆ ಏರುತ್ತಿದೆಯಾ? ನಿಲ್ಲದ ಬಿಕ್ಕಳಿಕೆ, ವಾಂತಿ, ಹೆಗಲ ತುದಿಯಲ್ಲಿ ಹೊಸ ನೋವು, ಏದುಸಿರು, ಮೂತ್ರ ಕಮ್ಮಿ, ವಯಸ್ಸಾದವರು ಇದ್ದಕ್ಕಿದ್ದಂತೆ ಗೊಂದಲವಾಗಿ ಏನೇನೋ ಮಾತಾಡುವುದು. ಇವುಗಳಲ್ಲಿ ಒಂದು ಇದ್ದರೂ ಫೋನ್ ಮಾಡಿ. ಎರಡು ಮೂರು ಒಟ್ಟಿಗೆ ಇದ್ದರೆ ಹೊರಟುಬಿಡಿ.

ಒಮ್ಮೆ ಒಬ್ಬ ಹಿರಿಯರು ಆಪರೇಷನ್ ಆದ ಎಂಟನೇ ದಿನ ವಾಪಸ್ ಬಂದರು. ಹಿಂದಿನ ಸಂಜೆಯಿಂದ ಹೊಟ್ಟೆ ಉಬ್ಬರ, ಬಿಕ್ಕಳಿಕೆ. ಮನೆಯವರು ಜೀರಿಗೆ ಕಷಾಯ ಕೊಟ್ಟರು, ಸೋಡಾ ಕುಡಿಸಿದರು. ಅಷ್ಟು ಹೊತ್ತಿನಲ್ಲಿ ಡಾಕ್ಟರಿಗೆ ಯಾಕೆ ತೊಂದರೆ ಕೊಡುವುದು ಎಂದು ಬೆಳಗಾಗಲಿ ಅಂತ ಕಾದರು. ನಮ್ಮ ಹತ್ತಿರ ಬರುವಾಗ ನಾಡಿ 130 ಇತ್ತು. ಉಳಿದುಕೊಂಡರು. ಆದರೆ ಮತ್ತೊಂದು ಆಪರೇಷನ್ ಆಯಿತು, ಐಸಿಯುನಲ್ಲಿ ಇರಬೇಕಾಯಿತು, ಮಲ ಬೀಳಲು ಹೊಟ್ಟೆಗೆ ಬ್ಯಾಗ್ ಬಂತು. "ಸಿಸ್ಟರ್, ರಾತ್ರಿಯೇ ಫೋನ್ ಮಾಡಿದ್ದರೆ ಇಷ್ಟು ಆಗ್ತಿತ್ತಾ?" ಎಂದು ಮಗ ಕೇಳಿದ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ನೈಟ್ ಡ್ಯೂಟಿಯಲ್ಲಿ ಒಬ್ಬರು ಎಚ್ಚರ ಇದ್ದೇ ಇರುತ್ತಾರೆ. ರಾತ್ರಿ ಎರಡು ಗಂಟೆಯಾದರೂ ಫೋನ್ ಮಾಡಿ. ಏನೂ ಇಲ್ಲ ಅಂತಾದರೆ ನಮಗೆ ಸಂತೋಷವೇ.

ಗ್ಯಾಸ್ ಹೋಗುತ್ತಿಲ್ಲ, ಮಲವೂ ಇಲ್ಲ. ಭೇದಿ ಮಾತ್ರೆ ಕೊಡಬಹುದಾ?

ಡಾಕ್ಟರನ್ನು ಕೇಳದೆ ಬೇಡ. ಎನಿಮಾ ಅಂತೂ ಬೇಡವೇ ಬೇಡ.

ಹೊಟ್ಟೆ ತೆರೆದಾಗ ಕರುಳು ಕೆಲವು ದಿನ ಸುಸ್ತಾಗಿ ಸುಮ್ಮನಾಗುತ್ತದೆ. ಸಣ್ಣ ಕರುಳು ಒಂದು ದಿನದೊಳಗೆ ಎಚ್ಚರವಾಗುತ್ತದೆ, ದೊಡ್ಡ ಕರುಳಿಗೆ ಎರಡು ಮೂರು ದಿನ ಬೇಕು. ಟ್ರಾಮಡಾಲ್‌ನಂಥ ನೋವಿನ ಮಾತ್ರೆ ಇದನ್ನು ಇನ್ನೂ ನಿಧಾನ ಮಾಡುತ್ತದೆ. ನಡೆದಾಡುವುದು ಒಳ್ಳೆಯದು. ಹೊಟ್ಟೆ ಮೆತ್ತಗಿದ್ದು, ವಾಂತಿ ಇಲ್ಲದೆ, ಊಟ ಸೇರುತ್ತಿದ್ದರೆ ಒಂದೆರಡು ದಿನ ಮಲ ಬಾರದಿದ್ದರೂ ಗಾಬರಿ ಬೇಡ. ಹೊಟ್ಟೆ ಬಿಗಿದು ವಾಂತಿಯೂ ಶುರುವಾದರೆ ಬಾಯಿಗೆ ಏನೂ ಕೊಡದೆ ಕರೆದುಕೊಂಡು ಬನ್ನಿ.

ಹಿಂದೆ ಗ್ಯಾಸ್ ಹೋಗುವವರೆಗೂ ಒಂದು ತೊಟ್ಟು ನೀರೂ ಕೊಡುತ್ತಿರಲಿಲ್ಲ. ಡೆನ್ಮಾರ್ಕ್‌ನ ಸರ್ಜನ್ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ಆ ಪದ್ಧತಿಯನ್ನು ಪ್ರಶ್ನಿಸಿದರು. ಬೇಗ ನಡೆಸಿ, ಬೇಗ ಊಟ ಕೊಟ್ಟರೆ ಬೇಗ ಸುಧಾರಿಸುತ್ತಾರೆ ಎಂದು ತೋರಿಸಿದರು. ಮರುದಿನವೇ ಎಬ್ಬಿಸಿ ನಡೆಸಿದಾಗ "ಏನ್ ಕಲ್ಲು ಮನಸ್ಸಿನ ಸಿಸ್ಟರ್" ಎನ್ನುವ ಅಜ್ಜಿಯರಿದ್ದಾರೆ. ಅವರ ಒಳ್ಳೆಯದಕ್ಕೇ ನಡೆಸುವುದು.

ಗಾಯಕ್ಕೆ ನೀರು ತಾಗಿಸಬಹುದಾ? ಅರಿಶಿನ ಹಚ್ಚಬಹುದಾ?

ಸಾಮಾನ್ಯವಾಗಿ ಎರಡು ದಿನದ ನಂತರ ಚೊಂಬಿನಿಂದ ನೀರು ಹಾಕಿಕೊಂಡು ಸ್ನಾನ ಮಾಡಬಹುದು. ಡಿಸ್ಚಾರ್ಜ್ ಆಗುವಾಗ ಒಮ್ಮೆ ಕೇಳಿಕೊಳ್ಳಿ. ಉಜ್ಜಬೇಡಿ. ಒಣ ಬಟ್ಟೆಯಿಂದ ಒತ್ತಿ ಒರೆಸಿ. ಅರಿಶಿನ, ಕೊಬ್ಬರಿ ಎಣ್ಣೆ, ಪೌಡರ್, ವಿಭೂತಿ ಯಾವುದೂ ಬೇಡ.

ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಮುಟ್ಟಿದರೆ ಬಿಸಿ ಎನಿಸಿದರೆ, ಕೀವು ಬಂದರೆ, ವಾಸನೆ ಬಂದರೆ ತೋರಿಸಿ. ಬೇಗ ತೋರಿಸಿದರೆ ಒಂದೆರಡು ಹೊಲಿಗೆ ಬಿಚ್ಚಿ ಕೀವು ಹೊರಗೆ ಬಿಡುತ್ತಾರೆ, ಅಷ್ಟರಲ್ಲೇ ಎಷ್ಟೋ ಜನಕ್ಕೆ ವಾಸಿಯಾಗುತ್ತದೆ.

ಒಂದು ಮಾತ್ರ ಪೂರ್ತಿ ಬೇರೆ. ಮೊದಲ ಎರಡು ವಾರದಲ್ಲಿ, ಕೆಮ್ಮಿದಾಗಲೋ ಎದ್ದಾಗಲೋ, ಉದ್ದನೆಯ ಗಾಯದಿಂದ ಒಮ್ಮೆಲೇ ತಿಳಿಗೆಂಪು ನೀರು ಸುರಿದರೆ ಒಳಗಿನ ಪದರ ಬಿಟ್ಟಿರಬಹುದು. ಕರುಳೇ ಹೊರಗೆ ಕಂಡರೂ ಒಳಗೆ ತಳ್ಳಬೇಡಿ. ಶುಚಿಯಾದ ಬಟ್ಟೆಯನ್ನು ಶುದ್ಧ ನೀರಿನಲ್ಲಿ ಒದ್ದೆ ಮಾಡಿ ಮುಚ್ಚಿ. ಮಂಡಿ ಮಡಚಿ ಮಲಗಿಸಿ. 108ಕ್ಕೆ ಕರೆ ಮಾಡಿ.

ಬದನೆಕಾಯಿ, ಕುಂಬಳಕಾಯಿ, ಕಡಲೆಬೀಜ ನಂಜು ಅಂತಾರೆ. ಎಷ್ಟು ದಿನ ಪಥ್ಯ ಮಾಡಬೇಕು?

ಇದು ಎಲ್ಲರೂ ಕೇಳುವ ಪ್ರಶ್ನೆ. ಕೀವು ಆಗುವುದು ಬ್ಯಾಕ್ಟೀರಿಯಾದಿಂದ. ಬದನೆಕಾಯಿಯಿಂದ ಕೀವಾಗುವುದಿಲ್ಲ. ಮನೆಯ ಹಿರಿಯರ ಮಾತಿಗಾಗಿ ಬದನೆಕಾಯಿ ಬಿಟ್ಟರೆ ನಷ್ಟವೇನೂ ಇಲ್ಲ, ಬಿಡಿ. ನನಗೆ ಸಂಕಟವಾಗುವುದು ನಂಜಿನ ಹೆಸರಲ್ಲಿ ಬೇಳೆ, ಮೊಸರು, ಮೊಟ್ಟೆ, ಮೀನು ಎಲ್ಲಾ ನಿಲ್ಲಿಸಿ ಬರೀ ಅನ್ನದ ಗಂಜಿ, ಸಾರಿನಲ್ಲಿ ಒಂದು ತಿಂಗಳು ಕಳೆಯುವಾಗ. ಗಾಯ ಕೂಡುವುದಕ್ಕೆ ಪ್ರೋಟೀನ್ ಬೇಕು. ಪಥ್ಯದಿಂದ ಸೊರಗಿದವರ ಗಾಯ ಬೇಗ ಕೂಡುವುದಿಲ್ಲ.

ಮೆತ್ತಗೆ ಬೇಯಿಸಿದ ಹೆಸರುಬೇಳೆ ತೊವ್ವೆ, ಇಡ್ಲಿ, ಮೊಸರನ್ನ, ರಾಗಿ ಗಂಜಿ, ಬೇಯಿಸಿದ ಮೊಟ್ಟೆ. ಮೀನು ತಿನ್ನುವವರಾದರೆ ಮುಳ್ಳು ಬಿಡಿಸಿದ ಮೀನು. ಒಂದೇ ಸಲ ತಟ್ಟೆ ತುಂಬಾ ಬಡಿಸಬೇಡಿ, ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ಖಾರ, ಕರಿದದ್ದು, ಹುರುಳಿಕಾಳಿನಂಥದ್ದು ಕೆಲವು ವಾರ ಬಿಟ್ಟು.

ಹೊಟ್ಟೆಯ ಮೇಲಿನ ಸ್ಟೋಮಾ ನೋಡಿದರೆ ಭಯವಾಗುತ್ತದೆ. ಹೇಗಿದ್ದರೆ ಸರಿ?

ಸ್ಟೋಮಾ ಅಂದರೆ ಮಲ ಬ್ಯಾಗಿಗೆ ಬೀಳಲೆಂದು ಹೊಟ್ಟೆಯ ಮೇಲೆ ಹೊರಗೆ ತಂದಿಟ್ಟ ಕರುಳಿನ ಬಾಯಿ. ಬಾಯಿಯೊಳಗಿನ ಬಣ್ಣದಂತೆ ಕೆಂಪಾಗಿ, ಒದ್ದೆಯಾಗಿ ಇರಬೇಕು. ಮುಟ್ಟಿದರೆ ನೋವಾಗುವುದಿಲ್ಲ. ಒರೆಸುವಾಗ ಚೂರು ರಕ್ತ ಕಂಡರೆ ಹೆದರಬೇಡಿ. ಬಣ್ಣ ನೇರಳೆ ಅಥವಾ ಕಪ್ಪಿಗೆ ತಿರುಗಿದರೆ ರಕ್ತ ಓಡುತ್ತಿಲ್ಲ ಎಂದರ್ಥ, ತಕ್ಷಣ ಬನ್ನಿ.

ಬ್ಯಾಗ್ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ. ತುಂಬಾ ಭಾರವಾದರೆ ಕಿತ್ತು ಬರುತ್ತದೆ. ಸುತ್ತಲಿನ ಚರ್ಮ ಕೆಂಪಾಗಿ ಉರಿಯುವುದಕ್ಕೆ ಮುಖ್ಯ ಕಾರಣ ಬ್ಯಾಗನ್ನು ಚರ್ಮಕ್ಕೆ ಅಂಟಿಸುವ ಪ್ಲೇಟಿನ ತೂತು ದೊಡ್ಡದಾಗಿ ಕತ್ತರಿಸುವುದು. ಸ್ಟೋಮಾಕ್ಕಿಂತ 2–3 ಮಿಲಿಮೀಟರ್ ದೊಡ್ಡದಿದ್ದರೆ ಸಾಕು. ಮೊದಲ ಕೆಲವು ವಾರ ಸ್ಟೋಮಾದ ಊತ ಇಳಿದು ಚಿಕ್ಕದಾಗುತ್ತದೆ, ಆಗಾಗ ಅಳತೆ ನೋಡಿ. ಚರ್ಮಕ್ಕೆ ಎಣ್ಣೆ ಹಚ್ಚಿದರೆ ಪ್ಲೇಟ್ ಅಂಟುವುದಿಲ್ಲ.

ಬ್ಯಾಗ್ ಇಟ್ಟುಕೊಂಡು ಸ್ನಾನ ಮಾಡಬಹುದು, ದೇವಸ್ಥಾನಕ್ಕೆ ಹೋಗಬಹುದು, ಬಸ್ಸಲ್ಲಿ ಓಡಾಡಬಹುದು, ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂತು ಉಣ್ಣಬಹುದು. ಮನೆಯಲ್ಲಿ ಅವರಿಗೆ ಬೇರೆ ಮೂಲೆ ಮಾಡಬೇಡಿ, ದಯವಿಟ್ಟು.

ಬ್ಯಾಗಿಗೆ ನೀರಿನಂತೆ ಸುರಿಯುತ್ತಿದೆ. ಎಳನೀರು ಕೊಡುತ್ತಿದ್ದೇವೆ, ಸಾಕಲ್ವಾ?

ಸಾಲದು. ಈ ಉತ್ತರವನ್ನು ಸ್ವಲ್ಪ ನಿಧಾನವಾಗಿ ಓದಿ. ಸಣ್ಣ ಕರುಳನ್ನು ಹೊರಗೆ ತಂದವರು, ಅಂದರೆ ಇಲಿಯೋಸ್ಟಮಿ ಆದವರು, ಮತ್ತೆ ಆಸ್ಪತ್ರೆ ಸೇರಲು ಒಂದು ದೊಡ್ಡ ಕಾರಣ ಇದೇ.

ನೀರನ್ನೂ ಉಪ್ಪನ್ನೂ ಹೀರಿಕೊಳ್ಳುವ ದೊಡ್ಡ ಕರುಳು ಇವರಲ್ಲಿ ದಾರಿಯಲ್ಲಿಲ್ಲ. ಹಾಗಾಗಿ ಬ್ಯಾಗಿಗೆ ಬರುವುದರ ಜೊತೆ ಉಪ್ಪು ಹೊರಗೆ ಹೋಗುತ್ತದೆ. ದಿನಕ್ಕೆ 500ರಿಂದ 1000 ಮಿಲಿ ಬರುವುದು ಸಹಜ. 1500 ಮಿಲಿ ದಾಟಿದರೆ ಅಪಾಯ. ಒಂದು ಅಳತೆಯ ಜಗ್ ಇಟ್ಟುಕೊಂಡು ಮೊದಲ ತಿಂಗಳು ಅಳೆದು ಬರೆಯಿರಿ.

ಬಾಯಾರಿಕೆ ಎಂದು ಬರೀ ನೀರನ್ನೇ ಜಾಸ್ತಿ ಕುಡಿದರೆ ಏನಾಗುತ್ತದೆ? ಉಪ್ಪಿಲ್ಲದ ನೀರು ಸಣ್ಣ ಕರುಳಿಗೆ ಬಂದಾಗ ಮೈಯೊಳಗಿನ ಉಪ್ಪು ಕರುಳಿಗೆ ಇಳಿದು, ಎಲ್ಲಾ ಸೇರಿ ಬ್ಯಾಗಿಗೆ ಹೋಗುತ್ತದೆ. ಕುಡಿದಷ್ಟೂ ಒಣಗುತ್ತಾರೆ. ಟೀ, ಕಾಫಿ, ಹಣ್ಣಿನ ಜ್ಯೂಸಿನಲ್ಲೂ ಹಾಗೇ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ. ಇವರು ಕಳೆದುಕೊಳ್ಳುತ್ತಿರುವುದು ಸೋಡಿಯಂ. ರುಚಿಗೆ ಒಂದು ಲೋಟ ಕುಡಿಯಲಿ, ಆದರೆ ಔಷಧಿ ಅಂತ ನೆಚ್ಚಿಕೊಳ್ಳಬೇಡಿ.

ಬೇಕಾದದ್ದು ಓಆರ್‌ಎಸ್, ಅಂದರೆ ಉಪ್ಪು, ಗ್ಲೂಕೋಸ್ ಇರುವ ಪುಡಿ ಕಲಸಿದ ನೀರು. ಕರುಳು ಉಪ್ಪನ್ನೂ ಗ್ಲೂಕೋಸನ್ನೂ ಜೊತೆಯಾಗಿ ಒಳಗೆಳೆದುಕೊಳ್ಳುತ್ತದೆ, ನೀರು ಅವುಗಳ ಹಿಂದೆಯೇ ಹೋಗುತ್ತದೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿ ಬಂದವರ ನಡುವೆ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿದಾಗ ಡ್ರಿಪ್ ಬಾಟಲಿಗಳು ಮುಗಿದುಹೋದವು. ಡಾಕ್ಟರ್ ದಿಲೀಪ್ ಮಹಲನಬಿಸ್ ಇದೇ ನೀರನ್ನು ಕುಡಿಸಿ ಸಾವಿರಾರು ಜೀವ ಉಳಿಸಿದರು. ಮೆಡಿಕಲ್ ಶಾಪಿನಲ್ಲಿ ಸಿಗುವ ಆ ಚಿಕ್ಕ ಪೊಟ್ಟಣವನ್ನು ನಾನು ತುಂಬಾ ಗೌರವದಿಂದ ನೋಡುತ್ತೇನೆ.

ಡಬ್ಲ್ಯುಎಚ್‌ಒ ಫಾರ್ಮುಲಾ ಎಂದು ಬರೆದಿರುವ ಪುಡಿಯನ್ನೇ ಕೇಳಿ. ಅದೇ ರೂಪದ ಸಿಹಿ ಜ್ಯೂಸ್ ಪ್ಯಾಕೆಟ್ ಬೇಡ. ಪೊಟ್ಟಣದ ಮೇಲೆ ಎಷ್ಟು ನೀರು ಎಂದಿದೆಯೋ ಅಷ್ಟೇ ಹಾಕಿ, ಒಂದು ಲೀಟರಿನ ಪುಡಿಯನ್ನು ಒಂದು ಲೋಟದಲ್ಲಿ ಕಲಸಬೇಡಿ. ಗುಟುಕು ಗುಟುಕಾಗಿ ದಿನವಿಡೀ ಕುಡಿಯಲಿ. ತುಂಬಾ ಸುರಿಯುವವರಿಗೆ ಇನ್ನೂ ಉಪ್ಪಾದ ನೀರು ಬೇಕಾಗುತ್ತದೆ. 1 ಲೀಟರ್ ನೀರಿಗೆ 20 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಇದನ್ನು ಡಾಕ್ಟರ್ ಹೇಳಿದರೆ ಮಾತ್ರ ಮಾಡಿ. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು ಮೊದಲೇ ಹೇಳಿಬಿಡಿ. ಭೇದಿ ಕಮ್ಮಿ ಮಾಡುವ ಲೋಪೆರಮೈಡ್ ಮಾತ್ರೆ ಬರೆದುಕೊಟ್ಟಿದ್ದರೆ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಿ. ಬರೆದುಕೊಡದಿದ್ದರೆ ನೀವಾಗಿ ಶುರು ಮಾಡಬೇಡಿ.

ಎದ್ದು ನಿಂತರೆ ತಲೆಸುತ್ತು, ಕಾಲಿನ ಸ್ನಾಯು ಹಿಡಿದುಕೊಳ್ಳುವುದು, ಮೂತ್ರ ಕಮ್ಮಿಯಾಗಿ ಕಡು ಹಳದಿ ಆಗುವುದು, ಇವು ಕಂಡರೆ ಕಿಡ್ನಿಗೆ ಪೆಟ್ಟು ಬೀಳುವ ಮೊದಲು ಡ್ರಿಪ್ ಬೇಕು.

ಇದ್ದಕ್ಕಿದ್ದಂತೆ ಸ್ಟೋಮಾದಿಂದ ಏನೂ ಬರುತ್ತಿಲ್ಲ.

ನಾರು ಸಿಕ್ಕಿಕೊಂಡಿರಬಹುದು. ಹಲಸಿನ ಹಣ್ಣು, ಅಣಬೆ, ಮುಸುಕಿನ ಜೋಳ, ನುಗ್ಗೆಕಾಯಿಯ ನಾರು, ತೆಂಗಿನಕಾಯಿ ಚೂರು, ಕಿತ್ತಳೆಯ ಸಿಪ್ಪೆಪದರ. ಮೊದಲ ಆರೆಂಟು ವಾರ ಇವು ಬೇಡ. ಆಮೇಲೂ ಚೆನ್ನಾಗಿ ಅಗಿದು ತಿನ್ನಬೇಕು. ಇಲಿಯೋಸ್ಟಮಿ ಇದ್ದವರಿಗೆ ಕೆಲವು ಗಂಟೆ ಏನೂ ಬಾರದೆ ಹೊಟ್ಟೆ ನುಲಿಯುತ್ತಿದ್ದರೆ, ವಾಂತಿ ಇದ್ದರೆ ಬನ್ನಿ.

ಜಠರ ತೆಗೆದಿದ್ದಾರೆ. ಊಟವಾದ ಕೂಡಲೇ ಬೆವರು, ಎದೆಬಡಿತ, ಭೇದಿ. ಯಾಕೆ?

ಊಟವನ್ನು ಹಿಡಿದಿಟ್ಟು ಸ್ವಲ್ಪ ಸ್ವಲ್ಪ ಬಿಡುತ್ತಿದ್ದ ಚೀಲ ಈಗ ಇಲ್ಲ. ತಿಂದದ್ದು ದಡಬಡ ಸಣ್ಣ ಕರುಳಿಗೆ ಬೀಳುತ್ತದೆ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಕೆಲವರಿಗೆ ಊಟವಾದ ಅರ್ಧ ಗಂಟೆಯೊಳಗೆ ಆಗುತ್ತದೆ. ಕೆಲವರಿಗೆ ಒಂದರಿಂದ ಮೂರು ಗಂಟೆಯ ನಂತರ ರಕ್ತದ ಸಕ್ಕರೆ ಇಳಿದು ನಡುಕ ಬರುತ್ತದೆ.

ದಿನಕ್ಕೆ ಆರು ಸಣ್ಣ ಊಟ ಮಾಡಲಿ. ಊಟದ ಜೊತೆ ನೀರು, ಮಜ್ಜಿಗೆ, ತಿಳಿಸಾರು ಕುಡಿಯಬಾರದು, ಅರ್ಧ ಗಂಟೆ ಬಿಟ್ಟು ಕುಡಿಯಲಿ. ಪಾಯಸ, ಹೋಳಿಗೆ, ಕಬ್ಬಿನ ಹಾಲು, ಬೆಲ್ಲದ ಪಾನಕ ಇವರಿಗೆ ಆಗುವುದಿಲ್ಲ. ಹಬ್ಬದ ದಿನ "ಒಂದು ಚಮಚ ತಿನ್ನಿ" ಎಂದು ಒತ್ತಾಯ ಮಾಡಬೇಡಿ. ಹೆಚ್ಚಿನವರಿಗೆ ಇದು ತಿಂಗಳುಗಳಲ್ಲಿ ಕಮ್ಮಿಯಾಗುತ್ತದೆ.

ಜಠರ ಪೂರ್ತಿ ತೆಗೆದಿದ್ದರೆ ಬಿ12 ಇಂಜೆಕ್ಷನ್ ಜೀವನಪೂರ್ತಿ ಬೇಕು. ಮೈಯಲ್ಲಿ ಕೂಡಿಟ್ಟ ಬಿ12 ಕೆಲವು ವರ್ಷ ಬರುವುದರಿಂದ, ಬಿಟ್ಟರೂ ಏನೂ ಆಗಲಿಲ್ಲ ಎನಿಸುತ್ತದೆ. ಆಮೇಲೆ ಪಾದ ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ, ನರಕ್ಕಾದ ಹಾನಿ ಪೂರ್ತಿ ಸರಿಹೋಗದೇ ಉಳಿಯಬಹುದು. ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಪಿತ್ತಕೋಶವನ್ನು ಲ್ಯಾಪ್ರೋಸ್ಕೋಪಿಯಲ್ಲಿ ತೆಗೆದರು. ಹೆಗಲು ನೋಯುತ್ತಿದೆ.

ಹೊಟ್ಟೆ ಉಬ್ಬಿಸಲು ಹಾಕಿದ ಗ್ಯಾಸಿನಿಂದ ಮೊದಲ ಎರಡು ಮೂರು ದಿನ ಹೀಗಾಗುತ್ತದೆ, ತಾನಾಗಿ ಹೋಗುತ್ತದೆ. ಅದರ ನಂತರವೂ ನೋವು ಏರುತ್ತಿದ್ದರೆ, ಕಣ್ಣು ಹಳದಿಯಾದರೆ, ಚಳಿಜ್ವರ ಬಂದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಪಿತ್ತರಸ ಸೋರುತ್ತಿರಬಹುದು ಅಥವಾ ನಾಳದಲ್ಲಿ ಕಲ್ಲು ಉಳಿದಿರಬಹುದು. ಅದನ್ನು ಕಾಮಾಲೆ ಎಂದುಕೊಂಡು ನಾಟಿ ಔಷಧಿಗೆ ಹೋಗಿ ದಿನ ಕಳೆಯಬೇಡಿ.

ಒಂದು ಕಾಲು ಊದಿದೆ.

ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ಹಚ್ಚಿ ತಿಕ್ಕಬೇಡಿ. ಆ ಗಡ್ಡೆ ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ ನೇರವಾಗಿ 108. ಕ್ಯಾನ್ಸರ್ ಆಪರೇಷನ್ ಆದವರಿಗೆ ಹೊಟ್ಟೆಯ ಚರ್ಮಕ್ಕೆ ಚುಚ್ಚುವ ಇಂಜೆಕ್ಷನ್ ನಾಲ್ಕು ವಾರ ಬರೆದುಕೊಡುವುದು ಇದಕ್ಕೇ. ಚೆನ್ನಾಗಿ ಓಡಾಡುತ್ತಿದ್ದಾರೆ ಎಂದು ಅರ್ಧಕ್ಕೆ ನಿಲ್ಲಿಸಬೇಡಿ.

ಡ್ರೈನ್ ಪೈಪಿನ ಜೊತೆಗೇ ಮನೆಗೆ ಕಳಿಸಿದ್ದಾರೆ.

ಹೊಟ್ಟೆಯೊಳಗೆ ಸೇರುವ ನೀರು, ರಕ್ತ ಹೊರಗೆ ಬರಲೆಂದು ಇಟ್ಟ ಪೈಪ್ ಅದು. ದಿನಾ ಒಂದೇ ಹೊತ್ತಿಗೆ ಎಷ್ಟು ಬಂತು ಎಂದು ಅಳೆದು, ಬಣ್ಣ ಬರೆದು, ಫೋಟೋ ತೆಗೆದಿಡಿ. ತೆಳು ಕೆಂಪು ಅಥವಾ ತಿಳಿ ಹಳದಿ ಇದ್ದರೆ ಸರಿ. ಹಸಿರು, ಕಂದು, ಕೀವಿನ ಬಣ್ಣ, ಮಲದ ವಾಸನೆ ಅಥವಾ ದಟ್ಟ ರಕ್ತ ಕಂಡರೆ ಕೂಡಲೇ ಫೋನ್ ಮಾಡಿ. ಪೈಪ್ ಜಾರಿ ಹೊರಗೆ ಬಂದರೆ ವಾಪಸ್ ತಳ್ಳಬೇಡಿ.

ಗುದನಾಳದ ಆಪರೇಷನ್ ಆಗಿ ಬ್ಯಾಗ್ ಮುಚ್ಚಿದರು. ಈಗ ದಿನಕ್ಕೆ ಹತ್ತು ಸಲ ಕಕ್ಕಸಿಗೆ ಹೋಗಬೇಕು. ಹೀಗೇ ಇರುತ್ತದಾ?

ಮಲ ಕೂಡಿಟ್ಟುಕೊಳ್ಳುವ ಜಾಗವನ್ನೇ ತೆಗೆದಿರುವುದರಿಂದ ಹೀಗೆ. ಒಂದೆರಡು ವರ್ಷದವರೆಗೂ ನಿಧಾನವಾಗಿ ಸುಧಾರಿಸುತ್ತದೆ. ಪೂರ್ತಿ ಮೊದಲಿನಂತೆ ಆಗದೆಯೂ ಇರಬಹುದು, ಅದನ್ನು ಮುಚ್ಚಿಡುವುದು ಸರಿಯಲ್ಲ. ಇಸಬಗೋಲು, ಮಾತ್ರೆ, ಗುದದ ಸ್ನಾಯು ಬಿಗಿಹಿಡಿಯುವ ವ್ಯಾಯಾಮ, ಎಲ್ಲಕ್ಕೂ ದಾರಿ ಇದೆ. ನಾಚಿಕೆಯಿಂದ ಯಾರೂ ಬಾಯಿ ಬಿಡುವುದಿಲ್ಲ. ಹೆಂಗಸರಂತೂ ಮನೆಯಿಂದ ಹೊರಗೆ ಹೋಗುವುದನ್ನೇ ನಿಲ್ಲಿಸಿಬಿಡುತ್ತಾರೆ. ಫಾಲೋಅಪ್‌ಗೆ ಬಂದಾಗ ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ.

ಬಿಂದಿಗೆ ಎತ್ತಬಹುದಾ?

ಆರು ವಾರ ಬೇಡ. ನೀರಿನ ಕೊಡ, ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಮೊಮ್ಮಗು ಯಾವುದನ್ನೂ ಎತ್ತಬೇಡಿ. ಕೆಮ್ಮುವಾಗ ಗಾಯದ ಮೇಲೆ ದಿಂಬು ಒತ್ತಿಹಿಡಿಯಿರಿ. ಹೊಟ್ಟೆಯ ನಡುವೆ ಉದ್ದಕ್ಕೆ ಕೊಯ್ದವರಲ್ಲಿ ಸುಮಾರು ನೂರಕ್ಕೆ ಹತ್ತರಿಂದ ಇಪ್ಪತ್ತು ಜನಕ್ಕೆ ಮುಂದೆ ಅದೇ ಜಾಗದಲ್ಲಿ ಹರ್ನಿಯಾ ಬರುತ್ತದೆ.

ಆಪರೇಷನ್ ಆಗಿ ಐದು ವರ್ಷ ಆಯಿತು. ಈಗ ಬರುವ ಹೊಟ್ಟೆನೋವಿಗೂ ಅದಕ್ಕೂ ಸಂಬಂಧ ಇದೆಯಾ?

ಇರಬಹುದು. ವಾಸಿಯಾಗುವಾಗ ಒಳಗೆ ಕರುಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆ ಅಂಟಿನಲ್ಲಿ ಕರುಳು ಮಡಚಿಕೊಂಡರೆ ದಾರಿ ಮುಚ್ಚುತ್ತದೆ. ನುಲಿಯುವ ನೋವು, ವಾಂತಿ, ಉಬ್ಬರ, ಗ್ಯಾಸೂ ಹೋಗದಿರುವುದು, ಇವೆಲ್ಲ ಸೇರಿ ಬಂದರೆ ಯಾವ ಡಾಕ್ಟರ್ ಹತ್ತಿರ ಹೋದರೂ ಮೊದಲು ಹಳೆಯ ಗಾಯ ತೋರಿಸಿ.

ಗಾಯ ವಾಸಿಯಾಗುತ್ತಿದೆ, ಆದರೆ ಅಪ್ಪ ಯಾರ ಜೊತೆಯೂ ಮಾತಾಡುತ್ತಿಲ್ಲ.

ದೊಡ್ಡ ಆಪರೇಷನ್ ಆದ ಮೇಲೆ ಮನಸ್ಸು ಕುಗ್ಗುವುದನ್ನು ನಾನು ತುಂಬಾ ನೋಡಿದ್ದೇನೆ. ಜೊತೆಗೆ ಕೂತು ಕಾಫಿ ಕುಡಿಯಿರಿ, ಸಂಜೆ ಬೀದಿ ತುದಿಯವರೆಗೆ ನಡೆಸಿಕೊಂಡು ಹೋಗಿ. ಎರಡು ವಾರವಾದರೂ ಹಾಗೇ ಇದ್ದರೆ ಡಾಕ್ಟರಿಗೆ ಹೇಳಿ. ಜ್ವರ ಹೇಳುವ ಹಾಗೆಯೇ ಇದನ್ನೂ ಹೇಳಿ.

ಫೋನ್ ಮಾಡಿದಾಗ ಏನು ಹೇಳಬೇಕು? ಹೊರಡುವಾಗ ಏನು ತೆಗೆದುಕೊಂಡು ಹೋಗಬೇಕು?

"ಹುಷಾರಿಲ್ಲ" ಎಂದಷ್ಟೇ ಹೇಳಿದರೆ ಆ ಕಡೆ ಇರುವವರಿಗೆ ಏನೂ ಗೊತ್ತಾಗುವುದಿಲ್ಲ. ಹೀಗೆ ಹೇಳಿ: "ಇಂಥ ಆಪರೇಷನ್, ಇವತ್ತಿಗೆ ಏಳನೇ ದಿನ, ನಾಡಿ 112, ಜ್ವರ 101, ನಿನ್ನೆಯಿಂದ ಗ್ಯಾಸ್ ಹೋಗಿಲ್ಲ, ಎರಡು ಸಲ ವಾಂತಿ ಆಯಿತು." ಇಷ್ಟು ಕೇಳಿದರೆ ಯಾವ ಡ್ಯೂಟಿ ಡಾಕ್ಟರೂ ಎದ್ದು ಕೂರುತ್ತಾರೆ. ನೋಟ್‌ಬುಕ್ ಇಡಿ ಎಂದು ಹೇಳಿದ್ದು ಇದಕ್ಕೇ.

ಆದಷ್ಟು ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗಿ. ಅದು ದೂರವಿದ್ದು ಸ್ಥಿತಿ ಕೆಟ್ಟಿದ್ದರೆ ಮೊದಲು ಹತ್ತಿರದ ದೊಡ್ಡ ಆಸ್ಪತ್ರೆ. ಡಿಸ್ಚಾರ್ಜ್ ಸಮ್ಮರಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಆ ನೋಟ್‌ಬುಕ್, ಸ್ಟೋಮಾ ಇದ್ದರೆ ಒಂದು ಹೊಸ ಬ್ಯಾಗ್ ಜೊತೆಗಿರಲಿ. ದಾರಿಯಲ್ಲಿ ತಿಂಡಿ, ಟೀ ಏನೂ ಕೊಡಬೇಡಿ, ಆ ದಿನವೇ ಮತ್ತೆ ಅರಿವಳಿಕೆ ಕೊಡಬೇಕಾಗಬಹುದು. ಬಾಯಿ ಒಣಗಿದರೆ ಒದ್ದೆ ಬಟ್ಟೆಯಿಂದ ತುಟಿ ಒರೆಸಿ, ಕೊನೆಯ ಸಲ ಎಷ್ಟು ಗಂಟೆಗೆ ಏನು ತಿಂದರು ಎಂದು ಬರೆದುಕೊಂಡು ಹೊರಡಿ.